ಮಕ್ಕಳ ಛಾಯಾಗ್ರಹಣ ಕಲಿಕೆ

ಬಡತನ, ಜನಾಂಗಭೇದ, ಸಾಮಾಜಿಕ ಕಳಂಕಗಳ ನಡುವೆ ಬೆಳೆಯುವ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ತಮ್ಮ ಬದುಕಿನ ಚಿತ್ರವನ್ನು ತಾವೇ ತೆಗೆಯಲು ಕಲಿಸುವ ಪದ್ಧತಿ. ಇಂಥ ಮಕ್ಕಳು ಮೊದಲೂ ಫೋಟೊಗಳಲ್ಲಿ ಇದ್ದರು. 1908ರಿಂದ ಲೂಯಿಸ್ ಹೈನ್ ಅಮೆರಿಕದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಚಿತ್ರ ತೆಗೆದರು. ಬಾಲದುಡಿಮೆಯ ವಿರುದ್ಧ ಅವು ದೊಡ್ಡ ಸಾಕ್ಷ್ಯವಾದವು. ಆದರೆ ಕ್ಯಾಮೆರಾದ ಹಿಂದಿನ ಕಣ್ಣು ದೊಡ್ಡವರದು, ಹೊರಗಿನವರದು.

ಈ ಸ್ಥಾನವನ್ನು ಅದಲುಬದಲು ಮಾಡಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ವೆಂಡಿ ಇವಾಲ್ಡ್ (ಜನನ 1951). 1969ರಲ್ಲಿ ಕೆನಡಾದ ಮೂಲನಿವಾಸಿ ಮಕ್ಕಳಿಗೆ ಫೋಟೊ ತೆಗೆಯುವುದನ್ನು ಕಲಿಸಿದ ಅವರು, 70ರ ದಶಕದ ಮಧ್ಯಭಾಗದಲ್ಲಿ ಕೆಂಟಕಿ ರಾಜ್ಯದ ಲೆಚರ್ ಕೌಂಟಿಗೆ ಬಂದು ನೆಲೆಸಿದರು. ಅದು ಅಪಲಾಚಿಯನ್ ಬೆಟ್ಟಗಳ ಕಲ್ಲಿದ್ದಲು ಸೀಮೆ. 1982ರವರೆಗೆ ಅಲ್ಲಿನ ಹಳ್ಳಿಶಾಲೆಗಳೇ ಅವರ ಪಾಠಶಾಲೆ. ಆಯ್ದುಕೊಂಡದ್ದು ಕೊಡಾಕ್‌ನ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾ. ರೀಲು ಸಿಕ್ಕಿಸುವ ಪೇಚಾಟವಿಲ್ಲ, ಫಿಲ್ಮಿನ ಡಬ್ಬಿಯನ್ನು ಹಾಗೇ ಒಳಗಿಟ್ಟರೆ ಸಾಕು. ಮಕ್ಕಳು ಕತ್ತಲೆ ಕೋಣೆಯಲ್ಲಿ ನಿಂತು ಫೋಟೊ ತೊಳೆಯುವುದನ್ನೂ ಕಲಿತರು. ಇವಾಲ್ಡ್ ಕೊಟ್ಟ ವಿಷಯಗಳು ಸರಳ: ನೀನು, ನಿನ್ನ ಮನೆಯವರು, ನಿನ್ನ ಸಾಕುಪ್ರಾಣಿ, ನಿನ್ನ ಕನಸು.

ಆ ಕೊನೆಯ ವಿಷಯವೇ ಎಲ್ಲವನ್ನೂ ಬದಲಿಸಿತು. ಒಬ್ಬ ಹುಡುಗ ತನ್ನ ಆಪ್ತ ಗೆಳೆಯನನ್ನು ತಾನೇ ಕೊಂದಂತೆ ಕಂಡ ಕನಸನ್ನು ಚಿತ್ರವಾಗಿಸಿದ. ಗೆಳೆಯ ಮರದ ಕವಲಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಹೆಣದಂತೆ ಒರಗಿದ್ದಾನೆ. ಬಡ ಊರಿನ ಮಗುವೆಂದರೆ ಹರಕು ಬಟ್ಟೆ, ಖಾಲಿ ತಟ್ಟೆ ಎಂದುಕೊಂಡು ಬಂದ ನೋಡುಗನಿಗೆ ಇಲ್ಲಿ ಸಿಗುವುದು ಭಯ, ಕಲ್ಪನೆ, ಆಟ. ಈ ಚಿತ್ರಗಳು 1985ರಲ್ಲಿ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾದವು. ಮುಂದೆ ಇವಾಲ್ಡ್ ಕೊಲಂಬಿಯಾ, ಗುಜರಾತಿನ ಹಳ್ಳಿಗಳಲ್ಲೂ ಕಲಿಸಿದರು. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳು ತಮ್ಮನ್ನು ಇನ್ನೊಂದು ಬಣ್ಣದವರಾಗಿ ಕಲ್ಪಿಸಿಕೊಂಡು, ತಮ್ಮದೇ ನೆಗೆಟಿವ್‌ಗಳ ಮೇಲೆ ಗೀಚಿ ಬರೆದರು.

1989ರಲ್ಲಿ ಪತ್ರಿಕಾ ಛಾಯಾಗ್ರಾಹಕ ಜಿಮ್ ಹಬರ್ಡ್ ವಾಷಿಂಗ್ಟನ್‌ನ ಮನೆಯಿಲ್ಲದ ಮಕ್ಕಳಿಗಾಗಿ ‘ಶೂಟಿಂಗ್ ಬ್ಯಾಕ್’ ಆರಂಭಿಸಿದರು. 1991ರಲ್ಲಿ ನ್ಯಾನ್ಸಿ ಮೆಕ್‌ಗರ್ ಗ್ವಾಟೆಮಾಲಾ ನಗರದ ಕಸದ ರಾಶಿಯ ಸುತ್ತ ಬದುಕುವ ಮಕ್ಕಳಿಗೆ ಕಲಿಸತೊಡಗಿದರು. ಢಾಕಾದಲ್ಲಿ ಶಹಿದುಲ್ ಆಲಮ್ 1994ರಲ್ಲಿ ದುಡಿಯುವ ಕುಟುಂಬಗಳ ಮಕ್ಕಳ ಗುಂಪನ್ನು ಕಟ್ಟಿದರು.

ಜಗತ್ತಿಗೆಲ್ಲ ಗೊತ್ತಾದ ಉದಾಹರಣೆ ಕೋಲ್ಕತ್ತದ ಸೋನಾಗಾಚಿಯದು. ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ಮಕ್ಕಳಿಗೆ ಜಾನಾ ಬ್ರಿಸ್ಕಿ ಕಲಿಸಿದ್ದನ್ನು ತೋರಿಸುವ ‘ಬಾರ್ನ್ ಇನ್‌ಟು ಬ್ರಾತಲ್ಸ್’ (2004) ಸಾಕ್ಷ್ಯಚಿತ್ರ ಆಸ್ಕರ್ ಗೆದ್ದಿತು. ಮಕ್ಕಳ ಫೋಟೊ ಮಾರಿದ ಹಣ ಅವರ ಓದಿಗೆ ಹೋಯಿತು. ಆಕ್ಷೇಪವೂ ಬಂತು: ತಾಯಂದಿರನ್ನು ಕೆಟ್ಟವರಾಗಿ ತೋರಿಸಲಾಗಿದೆ, ಆ ಹೆಂಗಸರೇ ಕಟ್ಟಿದ ದರ್ಬಾರ್ ಸಂಘಟನೆಯ ಕೆಲಸ ಚಿತ್ರದಲ್ಲಿ ಕಾಣುವುದೇ ಇಲ್ಲ ಎಂದು. ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮಗುವಿನ ಕಣ್ಣನ್ನು ಗೌರವಿಸುವವರು ಅದರ ತಾಯಿಯ ಮಾತನ್ನೂ ಕೇಳಬೇಕು. ಮಗು ತೆಗೆದ ಚಿತ್ರದ ಹಕ್ಕು ಯಾರದು, ಅದರಲ್ಲಿರುವ ನೆರೆಹೊರೆಯವರ ಒಪ್ಪಿಗೆ ಕೇಳಿದ್ದು ಯಾರು ಎಂಬ ಪ್ರಶ್ನೆಗಳೂ ಇಂಥ ಪ್ರತಿಯೊಂದು ಯೋಜನೆಯ ಜೊತೆಗೇ ಬರುತ್ತವೆ.

ಕಲಿಸುವವರು ಎಷ್ಟು ಕಾಲ ಆ ಊರಿನಲ್ಲಿ ಉಳಿದರು ಎಂಬುದೂ ಮುಖ್ಯ. ಇವಾಲ್ಡ್ ದಶಕಗಳ ನಂತರ ಕೆಂಟಕಿಗೆ ಮರಳಿ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋದರು. ಎಲಿಜಬೆತ್ ಬ್ಯಾರೆಟ್ ಜೊತೆ ಅವರು ನಿರ್ದೇಶಿಸಿದ, ಪುಸ್ತಕದ ಹೆಸರನ್ನೇ ಹೊತ್ತ ಸಾಕ್ಷ್ಯಚಿತ್ರ 2020ರಲ್ಲಿ ಬಂತು. ಅದರಲ್ಲಿ ಆ ಮಕ್ಕಳು, ಆಗ ಐವತ್ತರ ಆಸುಪಾಸಿನವರು, ಅಂದು ತಾವು ತೆಗೆದ ಫೋಟೊಗಳ ಬಗ್ಗೆ ತಾವೇ ಮಾತನಾಡಿದ್ದಾರೆ.