ಕಪಿಲೆಯಲ್ಲಿ ಸಾಲ್ಮನ್ ಸಿಗುತ್ತದೆಯೇ? ಹೊಸ ನೀರಿಗೆ ಏರಿ ಬರುವ ಮೀನು ಹಿಡಿಯುವ ಮುನ್ನ ತಿಳಿಯಬೇಕಾದದ್ದು

ಕೆಂಪು ಮೈಯ ಮೀನುಗಳು ಹರಿವಿಗೆ ಎದುರಾಗಿ ಹಾರುತ್ತಿವೆ. ದಡದಲ್ಲಿ ನಿಂತವರು ಉದ್ದ ಹಿಡಿಯ ಬಲೆಯಿಂದ ಅವನ್ನು ಬಾಚಿಕೊಳ್ಳುತ್ತಿದ್ದಾರೆ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅದಕ್ಕೆ ನಮ್ಮೂರಿನ ನದಿಯ ಹೆಸರು ಅಂಟಿಸಿ ಕಳುಹಿಸಲು ಒಂದು ನಿಮಿಷ ಸಾಕು. ನಂಜನಗೂಡಿನ ಕಪಿಲೆಯಲ್ಲಿ, ತಿ. ನರಸೀಪುರದ ಸಂಗಮದಲ್ಲಿ ನಿಜವಾಗಿ ಯಾವ ಮೀನು ಇದೆ, ಅದನ್ನು ಹೇಗೆ ಹಿಡಿಯುತ್ತಾರೆ, ಯಾವಾಗ ಹಿಡಿಯಬಾರದು ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ನಮ್ಮ ನದಿಯಲ್ಲಿ ಸಾಲ್ಮನ್ ಇದೆಯೇ?

ಇಲ್ಲ. ವಿಡಿಯೊದಲ್ಲಿ ಕಾಣುವ ಕೆಂಪು ಮೀನು ಸಾಮಾನ್ಯವಾಗಿ ಸಾಕೈ ಸಾಲ್ಮನ್. ಇದು ಉತ್ತರ ಪೆಸಿಫಿಕ್ ಸಾಗರದ ಮೀನು. ಕೆನಡಾ, ಅಲಾಸ್ಕಾ, ರಷ್ಯಾದ ನದಿಗಳಿಗೆ ಮೊಟ್ಟೆ ಇಡಲು ಬರುತ್ತದೆ. ಅದಕ್ಕೆ ತಣ್ಣನೆಯ ನೀರೇ ಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಸವಳಿಯುತ್ತದೆ. ನಮ್ಮ ಕಪಿಲೆ, ಕಾವೇರಿ ಅದಕ್ಕಿಂತ ಬೆಚ್ಚಗಿನ ನದಿಗಳು.

ಮಾರುಕಟ್ಟೆಯಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಮಾರುವ ರಾವಸ್ ಕೂಡ ಸಾಲ್ಮನ್ ಅಲ್ಲ. ಅದು ನಮ್ಮ ಕರಾವಳಿಯ ಬೇರೆಯೇ ಕುಟುಂಬದ ಮೀನು.

ಹಾಗಾದರೆ ಇಲ್ಲಿ ಹರಿವಿಗೆದುರು ಏರುವ ಮೀನು ಯಾವುದು?

ಮಶೀರ್. ಕಾವೇರಿ ತೀರದವರು ಬಿಳಿ ಮೀನು ಎನ್ನುವುದು ಇದನ್ನೇ. ಮಶೀರ್ ಜಾತಿಯ ಮೀನುಗಳು ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಸಾಗಿ, ಕಲ್ಲು ಗರಸು ಇರುವ ಜಾಗ ಹುಡುಕಿ ಮೊಟ್ಟೆ ಇಡುತ್ತವೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆ, ಗದ್ದೆಗಳತ್ತ ಏರಿ ಬರುವ ಮೀನುಗಳನ್ನು 'ಹತ್ತು ಮೀನು' ಎನ್ನುತ್ತಾರಲ್ಲ, ಅದರ ಹಿಂದಿರುವುದೂ ಇದೇ ಸ್ವಭಾವ.

ಕಪಿಲೆಯ ಮಶೀರ್ ಒಂದು ಕಾಲಕ್ಕೆ ಜಗತ್ಪ್ರಸಿದ್ಧ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಇದೇ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಶೀರ್ ಹಿಡಿದಿದ್ದರು. ಇಂದಿನ ಕಥೆ ಬೇರೆ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ, ಬೆನ್ನ ಮೇಲೆ ಡುಬ್ಬ ಇರುವ ಮಶೀರನ್ನು ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲಿ 'ತೀವ್ರ ಅಳಿವಿನಂಚಿನ' ಪಟ್ಟಿಗೆ ಸೇರಿಸಿತು.

ಸಾಲ್ಮನ್ ಹಿಡಿಯುವ ವಿಧಾನ ಇಲ್ಲಿ ನಡೆಯುತ್ತದೆಯೇ?

ಪೂರ್ತಿಯಾಗಿ ಅಲ್ಲ. ಸಾಕೈ ಸಾಲ್ಮನ್ ಸಮುದ್ರ ಬಿಟ್ಟು ನದಿಗೆ ಬಂದ ಮೇಲೆ ಹೆಚ್ಚುಕಡಿಮೆ ಊಟ ಬಿಡುತ್ತದೆ. ಹಾಗಾಗಿ ಅಲ್ಲಿ ಗಾಳಕ್ಕಿಂತ ಬಲೆಗೇ ಹೆಚ್ಚು ಕೆಲಸ. ನಮ್ಮ ಮೀನುಗಳು ಹಾಗಲ್ಲ, ನದಿಯಲ್ಲೇ ತಿಂದು ಬೆಳೆಯುತ್ತವೆ. ಆದ್ದರಿಂದ ಇಲ್ಲಿನ ವಿಧಾನಗಳೇ ಬೇರೆ:

• ಗಾಳ: ಮಶೀರ್‌ಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಸಣ್ಣ ಮೀನುಗಳಿಗೆ ಎರೆಹುಳ. ಬೇಡದ ಮೀನನ್ನು ಜೀವಂತ ಬಿಡಲು ಅವಕಾಶ ಇರುವ ವಿಧಾನ ಇದು.

• ಬೀಸುಬಲೆ: ದಡದಿಂದಲೋ ಹರಿಗೋಲಿನಿಂದಲೋ ಬೀಸುವ ಗುಂಡನೆಯ ಬಲೆ. ಅಂಚಿಗೆ ಕಟ್ಟಿದ ಸೀಸದ ಗುಂಡುಗಳ ಭಾರಕ್ಕೆ ಮುಳುಗಿ ಮೀನನ್ನು ಮುಚ್ಚಿಕೊಳ್ಳುತ್ತದೆ.

• ಕಟ್ಟುವ ಬಲೆ: ಸಂಜೆ ನೀರಿಗೆ ಅಡ್ಡಲಾಗಿ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಮೀನಿನ ಕಿವಿರು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಕಣ್ಣು ಚಿಕ್ಕದಾದಷ್ಟೂ ಮರಿಗಳು ಹೆಚ್ಚು ಸಾಯುತ್ತವೆ.

• ಕೂಳಿ: ಬಿದಿರಿನ ಬುಟ್ಟಿ. ಒಳಗೆ ಹೋದ ಮೀನು ಹೊರಗೆ ಬರಲಾರದು. ಇದನ್ನು ನೀರು ಹರಿಯುವ ಕಿರಿದಾದ ದಾರಿಗೆ ಒಡ್ಡುತ್ತಾರೆ.

ಹೊಸ ನೀರಿನಲ್ಲಿ ಮೀನು ಸುಲಭವಾಗಿ ಸಿಗುತ್ತದೆ, ಹಿಡಿದರೆ ತಪ್ಪೇನು?

ಸುಲಭವಾಗಿ ಸಿಗುವುದು ನಿಜ. ಮೀನುಗಳು ಗುಂಪಾಗಿ, ಕಿರಿದಾದ ದಾರಿಯಲ್ಲಿ, ಮೊಟ್ಟೆಯ ಭಾರ ಹೊತ್ತು ಬರುತ್ತವೆ. ತಪ್ಪಿರುವುದೂ ಅಲ್ಲೇ.

ಸಾಕೈ ಸಾಲ್ಮನ್ ಬದುಕಿನಲ್ಲಿ ಒಂದೇ ಒಂದು ಸಲ ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಿದ್ದರೂ ಅಲಾಸ್ಕಾದಲ್ಲಿ ನದಿ ಪಕ್ಕದ ಗೋಪುರಗಳಿಂದ ಮೀನು ಎಣಿಸುತ್ತಾರೆ. ಸಾಕಷ್ಟು ಮೀನು ಮೇಲಕ್ಕೆ ದಾಟುವಂತೆ ನೋಡಿಕೊಂಡೇ ಮೀನುಗಾರಿಕೆಗೆ ಅವಕಾಶ ಕೊಡುತ್ತಾರೆ. ನಮ್ಮ ಮಶೀರ್ ಒಮ್ಮೆ ಮೊಟ್ಟೆ ಇಟ್ಟು ಸಾಯುವುದಿಲ್ಲ. ದೊಡ್ಡದಾದ ಮೇಲೆ ವರ್ಷ ವರ್ಷವೂ ಇಡಬಲ್ಲದು. ಅಂದಮೇಲೆ ಏರುವಾಗ ಒಂದು ದೊಡ್ಡ ಹೆಣ್ಣು ಮೀನು ಹಿಡಿದರೆ ಹೋಗುವುದು ಆ ವರ್ಷದ ಮರಿಗಳಷ್ಟೇ ಅಲ್ಲ, ಮುಂದಿನ ಎಷ್ಟೋ ವರ್ಷಗಳ ಮರಿಗಳು. ಸಾಲ್ಮನ್ ವಿಡಿಯೊ ನೋಡಿ ಇಲ್ಲಿಯೂ ಹಾಗೆಯೇ ಬಾಚಿಕೊಳ್ಳಬಹುದು ಎಂದುಕೊಂಡರೆ ಲೆಕ್ಕ ತಪ್ಪುವುದು ಇಲ್ಲಿ.

ಬ್ಲೀಚಿಂಗ್ ಪುಡಿ, ಸಿಡಿಮದ್ದು ಬಳಸಿದರೆ?

ಎರಡೂ ಅಪರಾಧ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮರಿ, ಮೊಟ್ಟೆ, ಹುಳು ಹುಪ್ಪಟೆ ಯಾವುದನ್ನೂ ಬಿಡುವುದಿಲ್ಲ. ನಂಜನಗೂಡು ಪಟ್ಟಣಕ್ಕೆ ಕುಡಿಯುವ ನೀರು ಬರುವುದೂ ಇದೇ ನದಿಯಿಂದ. ಸಿಡಿಮದ್ದು ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಸತ್ತ ಮೀನಿನಲ್ಲಿ ಬಹಳಷ್ಟು ತಳಕ್ಕೆ ಮುಳುಗಿ ಯಾರ ಕೈಗೂ ಸಿಗುವುದಿಲ್ಲ. ಸಿಡಿಸುವವರ ಕೈಯೇ ಹೋದರೂ ಹೋಯಿತು.

ಮಳೆ ಇಲ್ಲದ ದಿನ ನದಿಗೆ ಇಳಿಯಬಹುದಲ್ಲವೇ?

ಜೀವಕ್ಕೆ ಅಪಾಯ ತರುವ ತಪ್ಪು ತಿಳಿವಳಿಕೆ ಇದು. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಸುರಿದು, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ, ನಂಜನಗೂಡಿನಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಸ್ನಾನಘಟ್ಟದ ಬಳಿಯ ಹದಿನಾರು ಕಾಲಿನ ಮಂಟಪ ಪ್ರವಾಹದಲ್ಲಿ ಮುಳುಗುವುದನ್ನು ಊರಿನವರು ನೋಡಿಯೇ ಇದ್ದಾರೆ. ತಿ. ನರಸೀಪುರದಲ್ಲಿ ಕೆಆರ್‌ಎಸ್‌ನಿಂದ ಬರುವ ಕಾವೇರಿಯೂ ಕೂಡಿಕೊಳ್ಳುವುದರಿಂದ ಸೆಳೆತ ಇನ್ನೂ ಹೆಚ್ಚು. ಜಲಾಶಯದಿಂದ ನೀರು ಬಿಡುವ ಎಚ್ಚರಿಕೆ ಬಂದ ದಿನ ಬಲೆಯೂ ಬೇಡ, ಗಾಳವೂ ಬೇಡ, ಸೆಲ್ಫಿಯೂ ಬೇಡ.

ಹಾಗಾದರೆ ಏನು ಮಾಡಬೇಕು?

• ಮೀನು ಹಿಡಿಯುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಪರವಾನಗಿ ಬಗ್ಗೆ ವಿಚಾರಿಸಿ.
• ಗಾಳಕ್ಕೆ ಮಶೀರ್ ಬಿದ್ದರೆ ಕೈ ಒದ್ದೆ ಮಾಡಿಕೊಂಡು, ಆದಷ್ಟು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಹಾಗೆಯೇ ಬಿಟ್ಟುಬಿಡಿ.
• ಊಟಕ್ಕೆ ಕೆರೆಗಳಲ್ಲಿ ಸಾಕಿದ ಕಾಟ್ಲಾ, ರೋಹು ಕೊಳ್ಳಿ. ರುಚಿಗೂ ಕೊರತೆಯಿಲ್ಲ, ನದಿಗೂ ನಷ್ಟವಿಲ್ಲ.

ಕಾವೇರಿಯದೇ ದಡದ ರಾಮನಾಥಪುರದಲ್ಲಿ ದೇವರ ಮೀನು ಎಂದು ಯಾರೂ ಹಿಡಿಯದ್ದರಿಂದ ಇಂದಿಗೂ ದೊಡ್ಡ ಮಶೀರ್‌ಗಳು ಭಕ್ತರ ಕಣ್ಣಿಗೆ ಬೀಳುತ್ತವೆ. ಬಿಟ್ಟರೆ ಉಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತೀರ್ಮಾನ: ಕಪಿಲೆಯಲ್ಲಿ ಸಾಲ್ಮನ್ ಸಿಗುತ್ತದೆ ಎಂಬುದು ಸುಳ್ಳು. ಹೊಸ ನೀರಿನಲ್ಲಿ ಮೀನು ಸುಲಭವಾಗಿ ಸಿಗುತ್ತದೆ ಎಂಬುದು ನಿಜ, ಆದರೆ ಆಗ ಹಿಡಿಯುವುದು ಬೀಜದ ರಾಗಿಯನ್ನೇ ಬೀಸಿ ಮುದ್ದೆ ಮಾಡಿದಂತೆ. ಆ ಕೆಂಪು ಮೀನಿನ ವಿಡಿಯೊ ಮತ್ತೆ ಬಂದರೆ, ಅದನ್ನು ಕಳುಹಿಸಿದವರಿಗೆ ಈ ಬರಹವನ್ನು ಕಳುಹಿಸಿ.