ನಲ್ಲಿ ನೀರಿನ ಗುಟ್ಟು

ಅಪ್ಪನ ಬಿಪಿ ಮಾತ್ರೆ ಆಮ್ಲೋಡಿಪಿನ್, ಅಂದರೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. "ಕ್ಯಾಲ್ಸಿಯಂ ತಡೆದ್ರೆ ಮೂಳೆ ಸವೆಯಲ್ವೇನೋ?" ಅಂತ ಕೇಳಿದ್ರು. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಇರಬಹುದು" ಅಂದೆ. ಅವರು ಮಾತ್ರೆ ನಿಲ್ಲಿಸಿಯೇಬಿಟ್ಟರು.

ಗಾಬರಿಯಿಂದ ಓದಲು ಕೂತವನಿಗೆ ಸಿಕ್ಕಿದ್ದು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿತ ನೋಡಿದ ಅವರು 1882ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆಮೇಲೆ ಗೊತ್ತಾಯ್ತು: ಆ ಉಪ್ಪುನೀರನ್ನು ಮಾಡಿದ್ದು ಡಿಸ್ಟಿಲ್ಡ್ ವಾಟರಿನಲ್ಲಲ್ಲ, ನಲ್ಲಿ ನೀರಿನಲ್ಲಿ! ಡಿಸ್ಟಿಲ್ಡ್ ವಾಟರ್ ಬಳಸಿದರೆ ಬಡಿತ ಬೇಗ ನಿಂತಿತು. ಕ್ಯಾಲ್ಸಿಯಂ ಸೇರಿಸಿದರೆ ಮರಳಿತು. 1883ರಲ್ಲಿ ರಿಂಗರ್ ತಮ್ಮ ತಪ್ಪನ್ನು ಅಚ್ಚಿನಲ್ಲೇ ಒಪ್ಪಿಕೊಂಡರು.

ಕ್ಯಾಲ್ಸಿಯಂ ಜೀವಕೋಶದೊಳಗೆ ಬರುವ ಬಾಗಿಲುಗಳೇ ಚಾನೆಲ್ ಎಂಬ ಪ್ರೋಟೀನುಗಳು. ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು. ಬಾಗಿಲು ತುಸು ತೆರೆದರೂ ನುಗ್ಗುತ್ತದೆ. ಸ್ನಾಯು ಬಿಗಿಯುವುದಕ್ಕೂ, ಕೋಶ ಬೆಳೆದು ಎರಡಾಗುವುದಕ್ಕೂ ಅದು ಸೂಚನೆ. ಅತಿಯಾದರೆ ಕೋಶವೇ ಸಾಯುತ್ತದೆ. 1976ರಲ್ಲಿ ನೇಹರ್ ಮತ್ತು ಸಾಕ್‌ಮನ್ ಒಂದೇ ಒಂದು ಅಯಾನ್ ಚಾನೆಲಿನ ಕರೆಂಟನ್ನು ಅಳೆದು, ಇಂಥ ಬಾಗಿಲು ತೆರೆದು ಮುಚ್ಚುವುದನ್ನು ತೋರಿಸಿದರು.

ಅಪ್ಪನ ಮಾತ್ರೆ ರಕ್ತನಾಳದ ಸ್ನಾಯುವಿನಲ್ಲಿ ಈ ಬಾಗಿಲುಗಳನ್ನು ತಡೆದು ನಾಳ ಸಡಿಲಿಸುತ್ತದೆ, ಅಷ್ಟೇ. ಮೂಳೆಯ ಕ್ಯಾಲ್ಸಿಯಂ ಕದಿಯೋದಿಲ್ಲ.

ರಾತ್ರಿಯೇ ಫೋನ್ ಮಾಡಿದೆ. "ಅಪ್ಪ, ಅವತ್ತು ನಾನು ಹೇಳಿದ್ದು ತಪ್ಪು. ನಾಳೆ ಡಾಕ್ಟರ್ ಹತ್ರ ಹೋಗೋಣ."