ಮಡಿಯೂ ಉಬ್ಬೆಯೂ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಸೀತೆ ಮೀಯುವಾಗ ಮೂಗುತಿಯ ಮುತ್ತು ಕಾವೇರಿಗೆ ಬಿತ್ತು, ಆಂಜನೇಯ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟ ಎಂಬುದು ಸ್ಥಳದ ಕಥೆ. ಮುತ್ತತ್ತಿರಾಯನ ದರ್ಶನಕ್ಕೆ ಬಂದವರು ಇಂದಿಗೂ ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆ ಹಿಂಡಿ ಒಣಹಾಕುತ್ತಾರೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಮಡಿಯಾಯಿತು, ನಿಜ. ಆದರೆ ಶುಚಿಯಾಯಿತೇ?

ಈ ಪ್ರಶ್ನೆಗೆ ನಮ್ಮ ಊರುಗಳ ಅಗಸರ ಬಳಿ ಬೇರೆಯೇ ಉತ್ತರವಿತ್ತು. ಅವರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ನೆನೆಸುತ್ತಿದ್ದರು. ಆ ಮಣ್ಣಿನಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಆಮೇಲೆ ಉಬ್ಬೆ: ಕುದಿಯುವ ನೀರಿನ ಮೇಲೆ ಬಟ್ಟೆ ಪೇರಿಸಿ, ಮುಚ್ಚಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವುದು. ಹೊಳೆಯ ತಣ್ಣೀರು, ಒಗೆಯುವ ಕಲ್ಲು ಬರುತ್ತಿದ್ದುದು ಅದರ ನಂತರ. ಕೊನೆಗೆ ಬಿಸಿಲು. ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಪ್ರಯೋಗ ಮಾಡಿ ತೋರಿಸಿದ್ದು 1877ರಲ್ಲಿ.

ಹೆರಿಗೆಯ, ಮುಟ್ಟಿನ, ಸಾವಿನ ಮನೆಯ ಬಟ್ಟೆಗಳೆಲ್ಲ ಬರುತ್ತಿದ್ದುದು ಈ ಕೈಗಳಿಗೇ. ರೋಗ ತಗಲುವ ಅಪಾಯವೂ ಅವರದೇ. ಹೀಗೆ ಬೇಯಿಸಿ, ಒಗೆದು, ಒಣಗಿಸಿ ತಂದ ಬಟ್ಟೆಯನ್ನು ಮಡಿವಂತರ ಮನೆಗಳಲ್ಲಿ ಅಗಸ ಮುಟ್ಟಿದ್ದೆಂದು ಮತ್ತೆ ತಣ್ಣೀರಿಗೆ ಅದ್ದುತ್ತಿದ್ದರು. ಊರಿನ ಅತಿ ಶುಚಿಯಾದ ಬಟ್ಟೆಗೇ ಮೈಲಿಗೆಯ ಹೆಸರು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಶರಣರ ಬಟ್ಟೆ ಒಗೆಯುತ್ತಲೇ ವಚನಕಾರನಾಗಿ ನಿಂತದ್ದರ ತೂಕ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

1959ರಲ್ಲಿ ಜರ್ಮನಿಯ ಹರ್ಬರ್ಟ್ ಸಿನ್ನರ್ ಒಗೆತಕ್ಕೆ ನಾಲ್ಕು ಅಂಗಗಳೆಂದ: ರಾಸಾಯನಿಕ, ತಿಕ್ಕಾಟ, ಶಾಖ, ಸಮಯ. ಒಂದನ್ನು ಇಳಿಸಿದರೆ ಉಳಿದವನ್ನು ಏರಿಸಬೇಕು. ಚೌಳು, ಕಲ್ಲು, ಉಬ್ಬೆ, ಕಾಯುವ ತಾಳ್ಮೆ ಎಂದು ಓದಿಕೊಂಡರೆ ಅಗಸರ ಕಸುಬೇ ಕಾಣುತ್ತದೆ.

ಈಗ ವಿದ್ಯುತ್ ಉಳಿಸಲು, ಬಣ್ಣ ಕಾಯ್ದುಕೊಳ್ಳಲು ನಾವು ಮೆಷಿನ್ನಿನಲ್ಲಿ ತಣ್ಣೀರನ್ನೇ ಬಳಸುತ್ತೇವೆ. ಅದು ತಪ್ಪಲ್ಲ. 1913ರಲ್ಲಿ ಒಟ್ಟೊ ರೋಮ್ ಒಗೆತಕ್ಕೆ ತಂದ ಕಿಣ್ವಗಳು ಹೆಚ್ಚು ಶಾಖವಿಲ್ಲದೆಯೂ ರಕ್ತ, ಬೆವರಿನ ಕಲೆ ಬಿಡಿಸುತ್ತವೆ. ಆದರೆ ಕಲೆ ಹೋದ ಮಾತ್ರಕ್ಕೆ ಸೂಕ್ಷ್ಮಾಣು ಸಾಯುವುದಿಲ್ಲ. ಕಾಯಿಲೆಯವರ ಹಾಸಿಗೆ ಬಟ್ಟೆ, ಕೂಸಿನ ಬಟ್ಟೆ, ಅಡುಗೆಮನೆಯ ಒರಸುಬಟ್ಟೆಗೆ 60 ಡಿಗ್ರಿಯ ಬಿಸಿನೀರೋ, ಇಲ್ಲವೇ ಕಡಿಮೆ ಶಾಖದಲ್ಲೂ ಕೆಲಸ ಮಾಡುವ ಆಮ್ಲಜನಕದ ಬ್ಲೀಚೋ ಬೇಕು. ಒಗೆದದ್ದನ್ನು ಡ್ರಮ್ಮಿನಲ್ಲೇ ಬಿಡದೆ ಬಿಸಿಲಿಗೆ ಹಾಕಬೇಕು.

ಮುತ್ತತ್ತಿಯ ಹೊಳೆ ಈಗ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಒಳಗಿದೆ. ಅಲ್ಲಿ ಮುಳುಗಿ ಏಳುವಾಗ ಸೋಪು, ಪುಡಿಯನ್ನು ದಡದಾಚೆಯೇ ಬಿಡೋಣ. ನೀರುನಾಯಿಗೂ ಮೀನಿಗೂ ಅದೇ ಮನೆ. ಬಟ್ಟೆಯನ್ನು ಮನೆಗೆ ತಂದು ಒಗೆಯೋಣ. ಹೊಳೆಯ ಮಡಿ ಹೊಳೆಗೆ ಸಾಕು. ಉಬ್ಬೆಯ ಕೆಲಸವನ್ನು ಅದರ ಮೇಲೆ ಹೊರಿಸುವುದು ಬೇಡ.